ಲ್ಯಾಟಿನ್ ಇಟಾಲಿಯನ್ ಆದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಓದುವ ಮೊದಲು ಒಂದು ಮಾತು. ಇಲ್ಲಿ ಲ್ಯಾಟಿನ್, ಇಟಾಲಿಯನ್ ಪದಗಳೆಲ್ಲ ಕನ್ನಡ ಲಿಪಿಯಲ್ಲೇ ಇವೆ. ಲ್ಯಾಟಿನ್ ಪದದಲ್ಲಿ ದೀರ್ಘ ಬರೆದಿದ್ದರೆ ಅದು ನಿಜವಾದ ದೀರ್ಘ. ಅರ್ಥ ಅದರ ಮೇಲೆ ನಿಂತಿರುತ್ತಿತ್ತು. ಇಟಾಲಿಯನ್ ಪದಗಳನ್ನು ಹ್ರಸ್ವದಲ್ಲೇ ಬರೆದಿದೆ, ಏಕೆಂದರೆ ಅಲ್ಲಿ ಒತ್ತು ಬೀಳುವ ಸ್ವರ ತಾನಾಗಿಯೇ ಸ್ವಲ್ಪ ಎಳೆಯುತ್ತದೆ. (‘ಒತ್ತು’ ಎಂದರೆ ಇಲ್ಲಿ ಪದದ ಒಂದು ಭಾಗವನ್ನು ಉಳಿದವಕ್ಕಿಂತ ಜೋರಾಗಿ ಹೇಳುವುದು, ಒತ್ತಕ್ಷರವಲ್ಲ.) ‘ಫ’ ಬಂದಾಗ ‘ಫೋನ್’ ಪದದ ಫಕಾರ ಎಂದುಕೊಳ್ಳಿ. ತ, ದ ಎರಡೂ ನಮ್ಮವೇ, ಹಲ್ಲಿಗೆ ನಾಲಿಗೆ ತಾಗಿಸಿಯೇ ಉಚ್ಚರಿಸಬೇಕು.

ಲ್ಯಾಟಿನ್ ಸತ್ತ ಭಾಷೆಯಲ್ಲವೇ? ಸತ್ತ ಭಾಷೆಯಿಂದ ಇನ್ನೊಂದು ಹುಟ್ಟುವುದು ಹೇಗೆ?

ಸತ್ತದ್ದು ಪುಸ್ತಕದ ಲ್ಯಾಟಿನ್. ಬಾಯಲ್ಲಿದ್ದ ಲ್ಯಾಟಿನ್ ಒಂದು ದಿನವೂ ನಿಂತಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಸಾಗುತ್ತಾ, ಪ್ರತಿ ತಲೆಮಾರಿಗೂ ಗೊತ್ತಾಗದಷ್ಟು ಸ್ವಲ್ಪ ಬದಲಾಗುತ್ತಾ, ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯಾಗಿ ಉಳಿಯಿತು. ನಡುವೆ ಎಲ್ಲೂ ಗೆರೆ ಎಳೆಯಲು ಬರುವುದಿಲ್ಲ. ‘ಪಾಲ್’ ಎನ್ನುತ್ತಿದ್ದ ಕನ್ನಡಿಗರು ಯಾವ ಬೆಳಿಗ್ಗೆಯಿಂದ ‘ಹಾಲು’ ಎನ್ನತೊಡಗಿದರು ಎಂದು ಹೇಳಲಾಗದ ಹಾಗೆಯೇ ಇದೂ.

ಆದರೆ ಇಲ್ಲಿ ಎರಡು ಕಥೆಗಳಿವೆ, ಅವನ್ನು ಬೆರೆಸಿದರೆ ಎಲ್ಲವೂ ಗೋಜಲು. ಒಂದು, ಬಾಯಿಮಾತು ತಾನಾಗಿ ಬದಲಾದ ಕಥೆ. ಅದನ್ನು ಯಾರೂ ನಿರ್ಧರಿಸಲಿಲ್ಲ. ಇನ್ನೊಂದು, ಹೀಗೆ ಹುಟ್ಟಿದ ಹತ್ತಾರು ನುಡಿಗಳಲ್ಲಿ ಒಂದನ್ನು ಆರಿಸಿ ‘ಇದು ಇಟಾಲಿಯನ್’ ಎಂದ ಕಥೆ. ಅದನ್ನು ನಿರ್ಧರಿಸಿದವರ ಹೆಸರು, ವರ್ಷ ಎರಡೂ ಗೊತ್ತು.

ಸಿಸೆರೊ ಬರೆದ ಲ್ಯಾಟಿನ್ನೇ ಬದಲಾಗಿ ಇಟಾಲಿಯನ್ ಆಯಿತೇ?

ಅಲ್ಲ. ಸಿಸೆರೊ ಕ್ರಿ.ಪೂ. ಒಂದನೇ ಶತಮಾನದ ರೋಮಿನ ಹೆಸರಾಂತ ವಾಗ್ಮಿ. ಅವನ ಕಾಲದಲ್ಲೇ ಬೀದಿಯ ಮಾತು ಬೇರೆ ದಾರಿ ಹಿಡಿದಿತ್ತು. ಪುರಾವೆ ಕಲ್ಲಿನ ಮೇಲೆ, ಗೋಡೆಯ ಮೇಲೆ ಇದೆ.

ಕ್ರಿ.ಪೂ. 259ರಲ್ಲಿ ಕಾನ್ಸಲ್ (ರೋಮಿನ ಅತ್ಯುನ್ನತ ಅಧಿಕಾರಿ) ಆಗಿದ್ದ ಲೂಸಿಯಸ್ ಕಾರ್ನೀಲಿಯಸ್ ಸಿಪಿಯೊನ ಸಮಾಧಿ ಶಾಸನದಲ್ಲಿ ‘ಒಪ್ತುಮುಮ್... ವಿರುಮ್’ (ಅತ್ಯುತ್ತಮ ಮನುಷ್ಯನನ್ನು) ಎಂದಿರಬೇಕಾದ ಕಡೆ ‘ಒಪ್ತುಮೊ... ವಿರೊ’ ಎಂದಿದೆ. ಕೊನೆಯ ಮಕಾರ ಬಿದ್ದುಹೋಗಿದೆ. ಅದೇ ಸಮಾಧಿಯ ಮೇಲೆ ‘ಕೊನ್ಸುಲ್’ ಬದಲು ‘ಕೊಸೊಲ್’ ಎಂದಿದೆ. ಸಕಾರದ ಹಿಂದಿನ ನಕಾರವೂ ಹೋಗಿದೆ. ಇಂದಿನ ಇಟಾಲಿಯನ್ನಿನಲ್ಲಿ ತಿಂಗಳಿಗೆ ‘ಮೆನ್ಸೆಮ್’ ಹೋಗಿ ‘ಮೆಸೆ’ ಎನ್ನುವುದಕ್ಕೆ ಬೀಜ ಅಲ್ಲೇ ಇದೆ. ಆಮೇಲೆ ಬಂದ ಸಾಹಿತ್ಯದ ಲ್ಯಾಟಿನ್ ಈ ಅಕ್ಷರಗಳನ್ನು ಬರಹದಲ್ಲಿ ಹಟ ಹಿಡಿದು ಉಳಿಸಿಕೊಂಡಿತು, ಅಷ್ಟೆ.

ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪೊಂಪೆಯಲ್ಲಿ ಗೋಡೆಬರಹವೊಂದು ‘ಪ್ರೀತಿಸುವವರೆಲ್ಲ ಚೆನ್ನಾಗಿರಲಿ’ ಎನ್ನುತ್ತದೆ. ‘ಪ್ರೀತಿಸುತ್ತಾನೆ’ ಎಂಬುದಕ್ಕೆ ವ್ಯಾಕರಣದ ರೂಪ ‘ಅಮತ್’. ಗೋಡೆಯ ಮೇಲಿರುವುದು ‘ಅಮ’. ಇಂದು ಮಿಲಾನಿನಲ್ಲಿ, ರೋಮಿನಲ್ಲಿ ಹೇಳುವುದೂ ‘ಅಮ’.

ಇವೆರಡಕ್ಕಿಂತ ರುಚಿಯಾದ ಪುರಾವೆ ‘ಅಪ್ಪೆಂದಿಕ್ಸ್ ಪ್ರೊಬಿ’ ಎಂಬ 227 ತಿದ್ದುಪಡಿಗಳ ಪಟ್ಟಿ. ಯಾವುದೋ ಮೇಷ್ಟ್ರು ಮಕ್ಕಳ ತಪ್ಪುಗಳನ್ನು ಬರೆದಿಟ್ಟ ಹಾಗಿದೆ: ‘ಸ್ಪೆಕುಲುಮ್, ಸ್ಪೆಕ್ಲುಮ್ ಅಲ್ಲ’, ‘ವೆತುಲುಸ್, ವೆಕ್ಲುಸ್ ಅಲ್ಲ’, ‘ಕಲಿದ, ಕಲ್ದ ಅಲ್ಲ’, ‘ಔರಿಸ್, ಒರಿಕ್ಲ ಅಲ್ಲ’. ಇಟಾಲಿಯನ್ನಿನಲ್ಲಿ ಕನ್ನಡಿ ‘ಸ್ಪೆಕ್ಕ್ಯೊ’, ಮುದುಕ ‘ವೆಕ್ಕ್ಯೊ’, ಬಿಸಿ ‘ಕಲ್ದ’, ಕಿವಿ ‘ಒರೆಕ್ಕ್ಯೊ’. ಇಲ್ಲಿ ಮೇಷ್ಟ್ರು ತಪ್ಪು ಎಂದ ನಾಲ್ಕೂ ಗೆದ್ದವು. ಭಾಷಾ ಇತಿಹಾಸ ಓದುವವರಿಗೆ ತಪ್ಪುಗಳ ಪಟ್ಟಿಗಿಂತ ದೊಡ್ಡ ನಿಧಿ ಇಲ್ಲ. ತಪ್ಪಿಲ್ಲದೆ ಬರೆದವನಿಂದ ಅವನ ಉಚ್ಚಾರ ತಿಳಿಯುವುದಿಲ್ಲ.

ಸ್ವರಗಳಿಗೆ ಏನಾಯಿತು?

ಲ್ಯಾಟಿನ್ನಿನಲ್ಲಿ ಐದು ಹ್ರಸ್ವ, ಐದು ದೀರ್ಘ, ಒಟ್ಟು ಹತ್ತು ಸ್ವರ. ನಮ್ಮ ಹಾಗೆ ಅಲ್ಲೂ ಹ್ರಸ್ವ-ದೀರ್ಘ ಬದಲಾದರೆ ಅರ್ಥ ಬದಲಾಗುತ್ತಿತ್ತು: ‘ಒಸ್’ ಮೂಳೆ, ‘ಓಸ್’ ಬಾಯಿ. ಕಾಲಕ್ರಮದಲ್ಲಿ ಈ ಭೇದ ಕಿವಿಯಿಂದ ಜಾರಿಹೋಯಿತು. ಆಫ್ರಿಕಾದ ಜನರ ಕಿವಿಗೆ ಸ್ವರದ ಹ್ರಸ್ವ-ದೀರ್ಘ ಗೊತ್ತಾಗುವುದಿಲ್ಲ, ಆದ್ದರಿಂದ ಬೋಧಕನು ಮೂಳೆಗೆ ‘ಒಸ್ಸುಮ್’ ಎಂದರೂ ಸರಿಯೇ ಎಂದು ಸಂತ ಅಗಸ್ಟೀನ್ ಬರೆದಿದ್ದಾನೆ. ಇಟಾಲಿಯನ್ನಿನಲ್ಲಿ ಮೂಳೆಗೆ ಇವತ್ತೂ ‘ಒಸ್ಸೊ’.

ಉದ್ದ ಹೋಯಿತು, ಆದರೆ ನಾಲಿಗೆಯ ಎತ್ತರದ ವ್ಯತ್ಯಾಸ ಉಳಿಯಿತು. ಹಳೆಯ ದೀರ್ಘ ಈ, ದೀರ್ಘ ಊ ಹಾಗೇ ಉಳಿದವು: ‘ಫೀಲುಮ್’ (ದಾರ) ‘ಫಿಲೊ’ ಆಯಿತು, ‘ಲೂನ’ (ಚಂದ್ರ) ‘ಲುನ’. ಹ್ರಸ್ವ ಇ ಮತ್ತು ದೀರ್ಘ ಏ ಸೇರಿ ಒಂದೇ ಎಕಾರವಾದವು: ‘ನಿವೆಮ್’ (ಹಿಮ) ‘ನೆವೆ’, ‘ತೇಲ’ (ಬಟ್ಟೆ) ‘ತೆಲ’. ಹ್ರಸ್ವ ಉ ಮತ್ತು ದೀರ್ಘ ಓ ಸೇರಿ ಒಕಾರವಾದವು: ‘ಕ್ರುಕೆಮ್’ (ಶಿಲುಬೆ) ‘ಕ್ರೊಚೆ’, ‘ವೋಕೆಮ್’ (ದನಿ) ‘ವೊಚೆ’. ಎರಡು ಅಕಾರಗಳು ಒಂದಾದವು. ಹ್ರಸ್ವ ಎ, ಹ್ರಸ್ವ ಒ ಮಾತ್ರ ಬಾಯಿ ತೆರೆದು ಹೇಳುವ ಬೇರೆಯೇ ಸ್ವರಗಳಾಗಿ ನಿಂತವು. ಹತ್ತು ಹೋಗಿ ಏಳು.

ಈ ತೆರೆದ ಎ, ಒ ಸ್ವರಗಳ ಮೇಲೆ ಒತ್ತು ಬಿದ್ದು, ಉಚ್ಚಾರದ ಆ ತುಣುಕು ವ್ಯಂಜನದಲ್ಲಿ ಮುಗಿಯದಿದ್ದರೆ ಅವು ಸೀಳಿಕೊಂಡವು: ‘ಪೆದೆಮ್’ (ಕಾಲು) ‘ಪ್ಯೆದೆ’ ಆಯಿತು, ‘ಬೊನುಮ್’ (ಒಳ್ಳೆಯ) ‘ಬ್ವೊನೊ’ ಆಯಿತು. ಮುಂದೆ ಒತ್ತಕ್ಷರ ಇದ್ದರೆ ಸೀಳಲಿಲ್ಲ: ‘ಸೆಪ್ತೆಮ್’ (ಏಳು) ‘ಸೆತ್ತೆ’ ಆಯಿತೇ ಹೊರತು ‘ಸ್ಯೆತ್ತೆ’ ಆಗಲಿಲ್ಲ. ಹೊಸದಾಗಿ ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಇಟಾಲಿಯನ್ ಬರಹ ಏಳು ಸ್ವರಗಳಿಗೆ ಐದೇ ಅಕ್ಷರ ಕೊಟ್ಟಿದೆ. ‘ಪೆಸ್ಕ’ ಎಂದರೆ ಪೀಚ್ ಹಣ್ಣೂ ಹೌದು, ಮೀನು ಹಿಡಿಯುವುದೂ ಹೌದು. ಹಣ್ಣಿನ ಎಕಾರ ತೆರೆದದ್ದು, ‘ಪೆರ್ಸಿಕ’ದಿಂದ ಬಂದದ್ದು, ಮೀನಿನದು ಮುಚ್ಚಿದ್ದು, ‘ಪಿಸ್ಕಾರೀ’ಯ ಇಕಾರದಿಂದ ಬಂದದ್ದು. ಇದನ್ನು ತೋರಿಸಲು ಕನ್ನಡ ಲಿಪಿಗೂ ಆಗುವುದಿಲ್ಲ.

ವ್ಯಂಜನಗಳಿಗೆ?

ಪ್ರಾಥಮಿಕ ಶಾಲೆಯಲ್ಲಿ ಕಲಿತ ಸಜಾತೀಯ, ವಿಜಾತೀಯ ಸಂಯುಕ್ತಾಕ್ಷರ ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ಲ್ಯಾಟಿನ್ನಿನ ಹಲವು ವಿಜಾತೀಯ ಒತ್ತಕ್ಷರಗಳು ಇಟಾಲಿಯನ್ನಿನಲ್ಲಿ ಸಜಾತೀಯವಾದವು. ‘ನೊಕ್ತೆಮ್’ (ರಾತ್ರಿ) ‘ನೊತ್ತೆ’ ಆಯಿತು, ‘ಒಕ್ತೋ’ (ಎಂಟು) ‘ಒತ್ತೊ’, ‘ಸೊಮ್ನುಮ್’ (ನಿದ್ದೆ) ‘ಸೊನ್ನೊ’, ‘ಸಕ್ಸುಮ್’ (ಬಂಡೆ) ‘ಸಸ್ಸೊ’. ಸಂಸ್ಕೃತದ ‘ಸಪ್ತ’ ಪ್ರಾಕೃತದಲ್ಲಿ ‘ಸತ್ತ’ ಆದದ್ದು ಇದೇ ದಾರಿಯಲ್ಲಿ. ಎರಡಕ್ಕೂ ಸಂಪರ್ಕ ಇರಲಿಲ್ಲ. ಮನುಷ್ಯನ ಬಾಯಿ ಒಂದೇ.

ಎರಡನೆಯದು, ವ್ಯಂಜನದ ಮುಂದಿನ ಲಕಾರ ಯಕಾರವಾಯಿತು. ‘ಫ್ಲೋರೆಮ್’ (ಹೂ) ‘ಫ್ಯೊರೆ’, ‘ಪ್ಲೇನುಮ್’ (ತುಂಬಿದ) ‘ಪ್ಯೆನೊ’, ‘ಕ್ಲಾವೆಮ್’ (ಬೀಗದ ಕೈ) ‘ಕ್ಯವೆ’.

ಮೂರನೆಯದು, ಇ, ಎ ಸ್ವರಗಳ ಹಿಂದಿನ ಕ, ಗ ಮುಂದಕ್ಕೆ ಜರುಗಿ ಚ, ಜ ಆದವು. ‘ಕೆಂತುಮ್’ (ನೂರು) ‘ಚೆಂತೊ’ ಆಯಿತು. ಸಿಸೆರೊ ತನ್ನ ಹೆಸರನ್ನು ‘ಕಿಕೆರೋ’ ಎನ್ನುತ್ತಿದ್ದ. ಇಟಾಲಿಯನ್ನರಿಗೆ ಅವನು ‘ಚಿಚೆರೊನೆ’. ನಾವು ‘ಸಿಸೆರೊ’ ಎನ್ನುವುದು ಇಂಗ್ಲಿಷಿನ ಕೃಪೆ.

ನಾಲ್ಕನೆಯದು, ಸ್ವರದ ಹಿಂದಿನ ಇಕಾರ, ಎಕಾರ ಕರಗಿ ಪಕ್ಕದ ವ್ಯಂಜನವನ್ನೇ ಬದಲಾಯಿಸಿತು. ‘ಫೀಲಿಯ’ (ಮಗಳು) ‘ಫಿಲ್ಲ್ಯ’, ‘ಪ್ರೆತಿಯುಮ್’ (ಬೆಲೆ) ‘ಪ್ರೆತ್ಸೊ’, ‘ವೀನೆಯ’ (ದ್ರಾಕ್ಷಿತೋಟ) ‘ವಿಞ್ಞ’. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಞಕಾರಕ್ಕೆ ಇಟಲಿಯಲ್ಲಿ ದಿನವೂ ದುಡಿಮೆ.

ಉಳಿದವು ಚುಟುಕಾಗಿ: ಹಕಾರ ಪೂರ್ತಿ ಮಾಯ. ಇಂಗ್ಲಿಷಿನ ‘ವಾಟರ್’ ಪದದಲ್ಲಿರುವಂಥ ತುಟಿದುಂಡಿನ ಲ್ಯಾಟಿನ್ ವಕಾರ, ಹಲ್ಲು ತಾಗಿಸುವ ವಕಾರವಾಯಿತು. ಸ್ವರಗಳ ನಡುವಿನ ಬಕಾರವೂ ವಕಾರವಾಯಿತು (‘ಕಬಲ್ಲುಮ್’, ಕುದುರೆ, ‘ಕವಲ್ಲೊ’). ಪದದ ಕೊನೆಯ ತ, ಮ ಬಿದ್ದವು. ಕೊನೆಯ ಸಕಾರ ಕೆಲವೆಡೆ ಇಕಾರವಾಯಿತು: ‘ನೋಸ್’ (ನಾವು) ‘ನೊಯ್’.

ಲ್ಯಾಟಿನ್ ಪದ ಕೊಟ್ಟರೆ ಇಟಾಲಿಯನ್ ರೂಪವನ್ನು ನಾನೇ ಕಂಡುಕೊಳ್ಳಬಹುದೇ?

ಬಹುಮಟ್ಟಿಗೆ ಹೌದು, ಕ್ರಮ ತಪ್ಪಿಸಬಾರದು. ‘ವೆತುಲುಮ್’ (ಮುದಿ) ತೆಗೆದುಕೊಳ್ಳಿ.

1. ಪ್ರಥಮಾ ವಿಭಕ್ತಿಯಿಂದ ಹೊರಡಬೇಡಿ, ದ್ವಿತೀಯಾ ರೂಪ ಹಿಡಿಯಿರಿ. ‘ವೆತುಲುಸ್’ ಅಲ್ಲ, ‘ವೆತುಲುಮ್’.
2. ಕೊನೆಯ ಮಕಾರ ತೆಗೆಯಿರಿ: ‘ವೆತುಲು’.
3. ಒತ್ತು ಎಲ್ಲಿ ಎಂದು ನೋಡಿ. ಕೊನೆಯಿಂದ ಎರಡನೆಯ ತುಣುಕು ಗುರುವಾಗಿದ್ದರೆ ಅಲ್ಲಿ. ಲಘುವಾಗಿದ್ದರೆ ಅದರ ಹಿಂದೆ. ಇಲ್ಲಿ ‘ತು’ ಲಘು, ಹಾಗಾಗಿ ಒತ್ತು ‘ವೆ’ ಮೇಲೆ. ಛಂದಸ್ಸಿನಲ್ಲಿ ಗುರು-ಲಘು ಹಾಕಿ ಅಭ್ಯಾಸವಿದ್ದವರಿಗೆ ಇದು ಕಷ್ಟವಲ್ಲ.
4. ಒತ್ತಿನ ನಂತರದ ದುರ್ಬಲ ಸ್ವರ ಬೀಳಿಸಿ: ‘ವೆತ್ಲು’.
5. ‘ತ್ಲ’ ಆ ಬಾಯಿಗೆ ಒಗ್ಗದ ಸಂಯೋಗ. ಅದು ‘ಕ್ಲ’ ಆಗುತ್ತದೆ: ‘ವೆಕ್ಲು’. ಮೇಷ್ಟ್ರು ಬೈದದ್ದು ಇದನ್ನೇ.
6. ಲಕಾರ ಯಕಾರ, ಕಕಾರ ಇಮ್ಮಡಿ, ಕೊನೆಯ ಉಕಾರ ಒಕಾರ: ‘ವೆಕ್ಕ್ಯೊ’.

ನಾಲ್ಕನೆಯ ಹೆಜ್ಜೆಗೆ ಮೊದಲೇ ಸ್ವರ ಸೀಳುವ ನಿಯಮ ಹಚ್ಚಿದರೆ ‘ವ್ಯೆಕ್ಕ್ಯೊ’ ಎಂಬ ಇಲ್ಲದ ಪದ ಬರುತ್ತದೆ. ಒತ್ತಕ್ಷರ ಮೊದಲು ಹುಟ್ಟಿದ್ದರಿಂದಲೇ ಎಕಾರ ಸೀಳಲಿಲ್ಲ.

ನಿಯಮ ಹಚ್ಚಿದರೂ ಕೆಲವು ಪದಗಳು ಬಗ್ಗುವುದಿಲ್ಲವಲ್ಲ?

ಬಹುಪಾಲು ಕಾರಣ ತತ್ಸಮ-ತದ್ಭವ. ಇದನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ‘ಕಾರ್ಯ’ವೂ ಉಂಟು, ‘ಕಜ್ಜ’ವೂ ಉಂಟು, ಒಂದು ಪುಸ್ತಕದಿಂದ ಎತ್ತಿಕೊಂಡದ್ದು, ಇನ್ನೊಂದು ಬಾಯಲ್ಲಿ ಸವೆದದ್ದು. ಇಟಾಲಿಯನ್ನರೂ ಶತಮಾನಗಳ ಕಾಲ ಪಕ್ಕದಲ್ಲೇ ಲ್ಯಾಟಿನ್ ಓದುತ್ತಿದ್ದರು, ಬೇಕಾದಾಗ ಪದ ಎತ್ತಿಕೊಂಡರು. ಹಾಗಾಗಿ ಹೂ ‘ಫ್ಯೊರೆ’ ಆದರೂ ಹೂವಿನ ಎಂಬ ವಿಶೇಷಣ ‘ಫ್ಲೊರೆಯಲೆ’. ‘ರತಿಯೋನೆಮ್’ ಎಂಬ ಒಂದೇ ಪದ ಬಾಯಿಯ ದಾರಿಯಲ್ಲಿ ‘ರಜೊನೆ’ (ವಿವೇಕ, ಕಾರಣ), ಪುಸ್ತಕದ ದಾರಿಯಲ್ಲಿ ‘ರತ್ಸಿಯೊನೆ’ (ಪಾಲು, ಪಡಿತರ) ಆಗಿದೆ. ನಮ್ಮ ರೇಷನ್ ಅಂಗಡಿಯ ‘ರೇಷನ್’ ಕೂಡ ಅದೇ ಮನೆತನದ್ದು. ನಿಯಮಕ್ಕೆ ಬಗ್ಗದ ಪದ ಕಂಡರೆ ಮೊದಲು ‘ಇದು ತತ್ಸಮವೇ?’ ಎಂದು ಕೇಳಿಕೊಳ್ಳಿ.

ಇದಕ್ಕೂ ಸಿಗದ ತುಂಟ ಗುಂಪೊಂದಿದೆ. ಸ್ವರಗಳ ನಡುವಿನ ಕ, ತ, ಪ ಕೆಲವು ಪದಗಳಲ್ಲಿ ಗ, ದ, ವ ಆಗಿವೆ, ಕೆಲವುಗಳಲ್ಲಿ ಇಲ್ಲ. ‘ಲಕುಮ್’ (ಸರೋವರ) ‘ಲಗೊ’ ಆಯಿತು. ‘ಫೊಕುಮ್’ (ಒಲೆ) ಮಾತ್ರ ‘ಫ್ವೊಕೊ’ (ಬೆಂಕಿ). ಮಳೆ, ಕಾಲ ಸೇರಿ ‘ಮಳೆಗಾಲ’ವಾಗುವ ಆದೇಶಸಂಧಿಯಂತೆ ಕಾಣುತ್ತದೆ, ಆದರೆ ಅಷ್ಟು ನಿಷ್ಠೆ ಇಲ್ಲ. ಉತ್ತರ ಇಟಲಿಯ ನುಡಿಗಳಲ್ಲಿ ಈ ಬದಲಾವಣೆ ವ್ಯಾಪಕ. ಅಲ್ಲಿನ ಪ್ರಭಾವ ಟಸ್ಕನಿಗೆ (ಫ್ಲಾರೆನ್ಸ್ ಇರುವ ಪ್ರಾಂತ) ಅರ್ಧಂಬರ್ಧ ಇಳಿಯಿತು ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. ವಾದ ಇನ್ನೂ ಮುಗಿದಿಲ್ಲ.

ಆರು ವಿಭಕ್ತಿಗಳು ಎಲ್ಲಿ ಹೋದವು?

ಉಚ್ಚಾರ ಅವನ್ನು ನುಂಗಿತು. ಗುಲಾಬಿಯನ್ನು ನೋಡಿ: ಪ್ರಥಮಾ ‘ರೊಸ’, ದ್ವಿತೀಯಾ ‘ರೊಸಮ್’, ಪಂಚಮೀ ‘ರೊಸಾ’. ಕೊನೆಯ ಮಕಾರ ಹೋಯಿತು, ದೀರ್ಘ ಹೋಯಿತು. ಮೂರೂ ‘ರೊಸ’! ಕೇಳುವವನಿಗೆ ಯಾವುದು ಯಾವುದೆಂದು ತಿಳಿಯದು. ಆಗ ಕೆಲಸ ಬೇರೆ ಎರಡಕ್ಕೆ ಬಿತ್ತು: ಪದಗಳ ಕ್ರಮಕ್ಕೆ, ಮತ್ತು ನಾಮಪದದ ಹಿಂದೆ ಬರುವ ಪುಟ್ಟ ಪದಗಳಿಗೆ (‘ದಿ’, ‘ಅ’, ‘ದ’). ಲ್ಯಾಟಿನ್ನಿನಲ್ಲಿ ‘ತೋಳ ಕುರಿಮರಿಯನ್ನು ನೋಡಿತು’, ‘ಕುರಿಮರಿಯನ್ನು ತೋಳ ನೋಡಿತು’ ಎರಡೂ ನಡೆಯುತ್ತಿತ್ತು, ಕನ್ನಡದ ಹಾಗೆಯೇ. ಇಟಾಲಿಯನ್ನಿನಲ್ಲಿ ಪದ ಅದಲುಬದಲಾದರೆ ತೋಳವೇ ಕುರಿಮರಿಯ ಬಾಯಿಗೆ ಬೀಳುತ್ತದೆ.

ಪ್ರಥಮಾ ರೂಪದಿಂದ ಉಳಿದ ಪದಗಳು ಕೆಲವೇ ಕೆಲವು. ‘ಹೊಮೋ’ದಿಂದ ‘ವೊಮೊ’ (ಮನುಷ್ಯ), ‘ಮುಲಿಯೆರ್’ನಿಂದ ‘ಮೊಲ್ಲ್ಯೆ’ (ಹೆಂಡತಿ). ಹೆಚ್ಚಾಗಿ ಮನುಷ್ಯರನ್ನು ಹೇಳುವ ಪದಗಳೇ; ಜನರನ್ನು ಕೂಗಿ ಕರೆಯುತ್ತೇವೆ, ಮೇಜನ್ನು ಕರೆಯುವುದಿಲ್ಲ.

ನಪುಂಸಕಲಿಂಗವೂ ಕಳೆದುಹೋಯಿತು, ಆದರೆ ಅದರ ಬಹುವಚನ ಮೈಯ ಅಂಗಗಳಲ್ಲಿ ಅಂಟಿಕೊಂಡಿದೆ. ಒಂದು ಬೆರಳು ‘ದಿತೊ’ ಪುಲ್ಲಿಂಗ, ಬೆರಳುಗಳು ‘ದಿತ’ ಸ್ತ್ರೀಲಿಂಗ. ತೋಳು ‘ಬ್ರಚ್ಚೊ’, ತೋಳುಗಳು ‘ಬ್ರಚ್ಚ’. ಮೊಟ್ಟೆಯೂ ಈ ಗುಂಪಿಗೆ ಸೇರಿದೆ. ಏಕವಚನದಲ್ಲಿ ಗಂಡು, ಬಹುವಚನದಲ್ಲಿ ಹೆಣ್ಣು ಎಂದು ತಲೆ ಕೆಡಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಇದೇ ಉತ್ತರ.

ನಾಮಪದದ ಹಿಂದೆ ಇಂಗ್ಲಿಷಿನ ‘the’ ಹಾಗೆ ಬರುವ, ಲ್ಯಾಟಿನ್ನಿನಲ್ಲಿ ಇಲ್ಲದೇ ಇದ್ದ ‘ಇಲ್’, ‘ಲೊ’, ‘ಲ’ ಎಂಬ ಪದಗಳು ‘ಆ’ ಎಂಬರ್ಥದ ‘ಇಲ್ಲೆ’, ‘ಇಲ್ಲ’ಗಳ ಸವೆದ ರೂಪ.

ಕ್ರಿಯಾಪದಗಳು ಹೇಗೆ ಬದಲಾದವು?

ಅತಿ ಸ್ವಾರಸ್ಯದ್ದು ಭವಿಷ್ಯತ್ಕಾಲ. ಹಳೆಯ ‘ಅಮಾಬಿತ್’ ಎಂದರೆ ‘ಪ್ರೀತಿಸುವನು’, ‘ಅಮಾವಿತ್’ ಎಂದರೆ ‘ಪ್ರೀತಿಸಿದನು’. ಬಕಾರ ವಕಾರವಾದ ದಿನ ಎರಡೂ ಒಂದೇ ಆದವು. ಮದುವೆಯಾಗುವನೋ ಆದನೋ ತಿಳಿಯದ ಭಾಷೆಯಲ್ಲಿ ಸಂಸಾರ ನಡೆಸುವುದು ಹೇಗೆ? ಜನ ಬೇರೆ ದಾರಿ ಹುಡುಕಿದರು: ‘ಕಂತಾರೆ ಹಬೆಯೋ’, ಅಂದರೆ ‘ನನಗೆ ಹಾಡುವುದಿದೆ’. ನಾವೂ ‘ನಾಳೆ ಊರಿಗೆ ಹೋಗೋದಿದೆ’ ಎನ್ನುತ್ತೇವಲ್ಲ, ಹಾಗೆ. ಆ ಎರಡು ಪದಗಳು ಅಂಟಿ, ಸವೆದು ‘ಕಂತೆರೊ’ ಆದವು, ಒತ್ತು ಕೊನೆಯ ಸ್ವರದ ಮೇಲೆ. ಆ ಒತ್ತೇ ಅಲ್ಲಿ ಒಮ್ಮೆ ಬೇರೆ ಪದವಿತ್ತು ಎಂಬುದರ ಗುರುತು.

‘ಬರೆದಿದ್ದೇನೆ’ ಎಂಬುದಕ್ಕೂ ಇದೇ ಕ್ರಿಯಾಪದ ನೆರವಾಯಿತು. ‘ಬರೆದ ಪತ್ರಗಳು ನನ್ನ ಬಳಿ ಇವೆ’ ಎಂಬ ವಾಕ್ಯ ‘ಪತ್ರ ಬರೆದಿದ್ದೇನೆ’ ಎಂಬ ಅರ್ಥಕ್ಕೆ ತಿರುಗಿತು: ‘ಒ ಸ್ಕ್ರಿತ್ತೊ’. ಕರ್ಮಣಿ ಪ್ರಯೋಗದ ಹಳೆಯ ಪ್ರತ್ಯಯಗಳು ಪೂರ್ತಿ ಅಳಿದು, ‘ಇರು’ ಧಾತುವಿನ ನೆರವು ಬಂತು.

‘ಸ್ಪಷ್ಟವಾಗಿ’ ಎನ್ನಲು ‘ಕ್ಯರಮೆಂತೆ’. ಇದು ‘ಕ್ಲಾರಾ ಮೆಂತೆ’, ‘ತಿಳಿಯಾದ ಮನಸ್ಸಿನಿಂದ’. ಲ್ಯಾಟಿನ್ನಿನಲ್ಲಿ ಮನಸ್ಸು ಸ್ತ್ರೀಲಿಂಗ, ಅದಕ್ಕೇ ವಿಶೇಷಣ ಸ್ತ್ರೀಲಿಂಗದಲ್ಲೇ ಇರಬೇಕು. ಪುಲ್ಲಿಂಗಕ್ಕೆ ‘ಮೆಂತೆ’ ಅಂಟಿಸಿದರೆ ತಪ್ಪು.

ಪದಗಳ ಅರ್ಥವೂ ಬದಲಾಯಿತೇ?

ಧಾರಾಳವಾಗಿ, ಮತ್ತು ಎಷ್ಟೋ ಸಲ ಹಟ್ಟಿ-ಅಡುಗೆಮನೆಯ ಪದವೇ ಮೇಲೆ ಬಂತು. ಗುಡಿಸಲು ಎಂಬರ್ಥದ ‘ಕಸ’ ಮನೆಯಾಯಿತು, ಗೌರವದ ‘ದೊಮುಸ್’ ಹೋಯಿತು. ಒಲೆ ಎಂಬರ್ಥದ ‘ಫೊಕುಸ್’ ಬೆಂಕಿಯಾಯಿತು. ಕೆಲಸದ ಕುದುರೆ ‘ಕಬಲ್ಲುಸ್’ ಎಲ್ಲ ಕುದುರೆಗೂ ಹೆಸರಾಯಿತು. ಮಡಕೆ ಎಂಬರ್ಥದ ‘ತೆಸ್ತ’ ತಲೆಯಾಯಿತು. ತಲೆಯನ್ನು ಬುರುಡೆ ಎನ್ನುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಯಕೃತ್ತಿಗೆ ‘ಫೆಗತೊ’ ಎಂದಾದದ್ದು ಇನ್ನೂ ಮಜವಾಗಿದೆ: ಅಂಜೂರ ತಿನ್ನಿಸಿ ಕೊಬ್ಬಿಸಿದ ಹೆಬ್ಬಾತಿನ ಯಕೃತ್ತಿಗೆ ‘ಇಯೆಕುರ್ ಫೀಕಾತುಮ್’, ‘ಅಂಜೂರದ ಯಕೃತ್ತು’, ಎನ್ನುತ್ತಿದ್ದರು. ಯಕೃತ್ತು ಬಿಟ್ಟುಹೋಗಿ ಅಂಜೂರ ಉಳಿಯಿತು. (ಇದರಲ್ಲಿ ಒತ್ತೂ ಸ್ಥಾನ ಬದಲಿಸಿದೆ. ಮೇಲಿನ ಮೂರನೆಯ ಹೆಜ್ಜೆ ಕೈಕೊಡುವ ಪದ.)

ಜರ್ಮನಿಕ್ ಪಂಗಡಗಳು ನುಗ್ಗಿದ್ದರಿಂದ ಲ್ಯಾಟಿನ್ ಕೆಟ್ಟಿತೇ?

ಇಲ್ಲ. ಮುಖ್ಯ ಬದಲಾವಣೆಗಳು ಅವರಿಗಿಂತ ಮೊದಲೇ ಶುರುವಾಗಿದ್ದವು. 568ರಲ್ಲಿ ಬಂದ ಲಾಂಗೊಬಾರ್ಡರು ಕೆನ್ನೆಗೆ ‘ಗ್ವಂಚ’, ಬೆಂಚಿಗೆ ‘ಪಂಕ’ದಂಥ ಪದ ಕೊಟ್ಟರು, ಯುದ್ಧದ ‘ಗ್ವೆರ್ರ’, ಬಿಳಿಯ ‘ಬ್ಯಂಕೊ’ ಕೂಡ ಜರ್ಮನಿಕ್. ವ್ಯಾಕರಣ ಮುಟ್ಟಲಿಲ್ಲ. ಅವರು ಮಾಡಿದ ನಿಜವಾದ ಪರಿಣಾಮ ಬೇರೆ: ನಾಡು ಹರಿದು ಹಂಚಿಹೋಯಿತು, ಊರೂರಿನ ಮಾತು ತನ್ನ ಪಾಡಿಗೆ ಬೆಳೆಯಿತು.

ನಮ್ಮ ಕಡೆಯ ಪದಗಳೇನಾದರೂ ಅಲ್ಲಿ ಇವೆಯೇ?

ಕೆಲವಿವೆ. ಮೆಣಸಿಗೆ ‘ಪೆಪೆ’, ಲ್ಯಾಟಿನ್ನಿನ ‘ಪಿಪೆರ್’ ಗ್ರೀಕ್ ಮೂಲಕ ‘ಪಿಪ್ಪಲಿ’ಯಿಂದ ಬಂದದ್ದು, ನಮ್ಮ ಹಿಪ್ಪಲಿ. ಶುಂಠಿಗೆ ‘ಜೆಂಜೆರೊ’, ಅದರ ಬುಡದಲ್ಲಿ ದ್ರಾವಿಡದ ‘ಇಂಜಿ’, ‘ವೇರ್’ (ಬೇರು) ಇವೆ, ಪ್ರಾಕೃತ, ಗ್ರೀಕ್, ಲ್ಯಾಟಿನ್ ದಾಟಿ ಹೋಗಿವೆ. ಸಕ್ಕರೆಯ ‘ಜುಕ್ಕೆರೊ’ ಸಂಸ್ಕೃತದ ‘ಶರ್ಕರಾ’ದಿಂದ ಅರಬ್ಬರ ಕೈದಾಟಿ ಹೋದದ್ದು.

ಇಟಾಲಿಯನ್ನಿನ ಮೊದಲ ಬರಹ ಯಾವುದು?

ವಾದಕ್ಕೆ ಸಿಗದ ಉತ್ತರ: 960ರ ಮಾರ್ಚ್, ಕಾಪುವಾ. ಮೊಂತೆ ಕಸ್ಸಿನೊ ಮಠಕ್ಕೂ ರೊದೆಲ್ಗ್ರಿಮೊ ಎಂಬುವನಿಗೂ ಜಮೀನಿನ ತಕರಾರು. ನ್ಯಾಯಾಧೀಶ ಅರೆಕಿಸಿ. ಗಡಿ ಬರೆದ ಪತ್ರವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಮುಟ್ಟಿ, ಮೂವರು ಸಾಕ್ಷಿಗಳು ಒಬ್ಬೊಬ್ಬರಾಗಿ ಒಂದೇ ಮಾತು ಹೇಳಿದರು:

‘ಸಾವೊ ಕೊ ಕೆಲ್ಲೆ ತೆರ್ರೆ, ಪೆರ್ ಕೆಲ್ಲೆ ಫಿನಿ ಕೆ ಕಿ ಕೊಂತೆನೆ, ತ್ರೆಂತ ಅನ್ನಿ ಲೆ ಪೊಸ್ಸೆತ್ತೆ ಪಾರ್ತೆ ಸಾಂಕ್ತಿ ಬೆನೆದಿಕ್ತಿ.’

ಅಂದರೆ, ‘ಇಲ್ಲಿ ಬರೆದ ಗಡಿಯೊಳಗಿನ ಆ ಜಮೀನುಗಳು 30 ವರ್ಷ ಸಂತ ಬೆನೆಡಿಕ್ಟನ ಕಡೆಯವರ (ಅಂದರೆ ಮಠದವರ) ಕಬ್ಜೆಯಲ್ಲಿದ್ದವು ಎಂದು ಬಲ್ಲೆ.’ ಸುತ್ತಲಿನ ಇಡೀ ತೀರ್ಪು ಲ್ಯಾಟಿನ್ನಿನಲ್ಲಿದೆ. ಸಾಕ್ಷಿಯ ಮಾತು ಮಾತ್ರ ಜನರ ನುಡಿಯಲ್ಲಿದೆ, ಅಲ್ಲಿದ್ದ ಎಲ್ಲರಿಗೂ ಅರ್ಥವಾಗಲೆಂದು. ಹತ್ತಿರದಿಂದ ನೋಡಿ: ‘ತ್ರೆಂತ’ ಆಗಲೇ ‘ತ್ರೀಗಿಂತಾ’ ಅಲ್ಲ, ಇಂದಿನ ರೂಪವೇ. ‘ಕೆಲ್ಲೆ’ ಎಂಬುದರಲ್ಲಿ ‘ಇಲ್ಲೆ’ ಅಡಗಿದೆ. ಕೊನೆಯ ಎರಡು ಪದಗಳು ಮಾತ್ರ ಲ್ಯಾಟಿನ್ನಿನ ಷಷ್ಠಿ, ಮಠದ ಹೆಸರು ರೂಢಿಯಲ್ಲಿ ಗಟ್ಟಿಯಾಗಿ ನಿಂತಿದ್ದರಿಂದ.

ಇದಕ್ಕೂ ಹಳೆಯದು ವೆರೋನಾದ ಒಗಟು. 8ನೇ ಶತಮಾನದ ಕೊನೆ ಅಥವಾ 9ನೆಯದರ ಆರಂಭದಲ್ಲಿ ಒಬ್ಬ ಲಿಪಿಕಾರ ಪ್ರಾರ್ಥನಾ ಗ್ರಂಥವೊಂದರಲ್ಲಿ ಗೀಚಿದ್ದು. 1924ರಲ್ಲಿ ಕಣ್ಣಿಗೆ ಬಿತ್ತು. ಎತ್ತುಗಳನ್ನು ಮುಂದೆ ನಡೆಸುತ್ತಿದ್ದ, ಬಿಳಿ ಹೊಲ ಉಳುತ್ತಿದ್ದ, ಬಿಳಿ ನೇಗಿಲು ಹಿಡಿದಿದ್ದ, ಕರಿ ಬೀಜ ಬಿತ್ತುತ್ತಿದ್ದ. ಎತ್ತು ಬೆರಳು, ಹೊಲ ಚರ್ಮದ ಹಾಳೆ, ನೇಗಿಲು ಗರಿ, ಬೀಜ ಶಾಯಿ. ಅದರ ‘ಅರಾಬ’, ‘ತೆನೇಬ’ಗಳಲ್ಲಿ ಕೊನೆಯ ತಕಾರ ಇಲ್ಲ, ‘ನೆಗ್ರೊ’ದಲ್ಲಿ ಇಕಾರ ಎಕಾರವಾಗಿದೆ. ಆದರೂ ಇದು ಕೆಟ್ಟ ಲ್ಯಾಟಿನ್ನೋ ಒಳ್ಳೆಯ ಇಟಾಲಿಯನ್ನೋ ಎಂದು ವಿದ್ವಾಂಸರಲ್ಲಿ ಜಗ್ಗಾಟವಿದೆ. ಕಾಪುವಾದ ಲಿಪಿಕಾರನಿಗೆ ತಾನು ಎರಡು ಭಾಷೆ ಬರೆಯುತ್ತಿದ್ದೇನೆ ಎಂಬ ಅರಿವಿತ್ತು; ವೆರೋನಾದವನಿಗೆ ಇತ್ತೆಂದು ಹೇಳಲಾಗದು. ಆ ಅರಿವನ್ನೇ ಅಳತೆಗೋಲು ಮಾಡಿಕೊಳ್ಳುವುದು ಸರಿ ಎನಿಸುತ್ತದೆ.

ಕಾಪುವಾ ದಕ್ಷಿಣದಲ್ಲಿದೆ. ಹಾಗಿದ್ದರೆ ಫ್ಲಾರೆನ್ಸಿನ ಮಾತು ‘ಇಟಾಲಿಯನ್’ ಆದದ್ದು ಹೇಗೆ?

ಎರಡನೆಯ ಕಥೆ ಇಲ್ಲಿ ಶುರು. ರಾಜಕೀಯ ಬಲದಿಂದಲ್ಲ, ಮೂವರು ಲೇಖಕರಿಂದ: ದಾಂತೆ, ಪೆತ್ರಾರ್ಕ, ಬೊಕಾಚೊ, ಎಲ್ಲರೂ 14ನೇ ಶತಮಾನದವರು. ತಮಾಷೆಯೆಂದರೆ, ದಾಂತೆ ಸುಮಾರು 1303–05ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಗ್ರಂಥದಲ್ಲಿ ಇಟಲಿಯ 14 ನುಡಿಗಳನ್ನು ತೂಗಿ ನೋಡಿ, ತನ್ನದೇ ಟಸ್ಕನ್ ಸೇರಿ ಯಾವುದೂ ಯೋಗ್ಯವಲ್ಲ ಎಂದಿದ್ದ. ಆಮೇಲೆ ಮಹಾಕಾವ್ಯವನ್ನು ಅದೇ ಟಸ್ಕನ್ನಿನಲ್ಲಿ ಬರೆದ.

ಆದರೆ ತೀರ್ಪು ಬರೆದವನು ವೆನಿಸಿನವನು. ಪಿಯೆತ್ರೊ ಬೆಂಬೊ 1525ರಲ್ಲಿ ಪ್ರಕಟಿಸಿದ ಸಂವಾದ ಗ್ರಂಥದಲ್ಲಿ, ಪದ್ಯಕ್ಕೆ ಪೆತ್ರಾರ್ಕ, ಗದ್ಯಕ್ಕೆ ಬೊಕಾಚೊ ಮಾದರಿ ಎಂದ. ಅಂದರೆ ತನ್ನ ಕಾಲದ ಫ್ಲಾರೆನ್ಸಿನ ಮಾತನ್ನಲ್ಲ, 200 ವರ್ಷ ಹಳೆಯದನ್ನು. ಮುದ್ರಣಾಲಯಗಳು ಅದನ್ನೇ ಹಿಡಿದವು. 1583ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ ಅಕ್ಕಾದೆಮಿಯ ದೆಲ್ಲ ಕ್ರುಸ್ಕ 1612ರಲ್ಲಿ ನಿಘಂಟು ತಂದಿತು. ‘ಕ್ರುಸ್ಕ’ ಎಂದರೆ ತೌಡು. ಭಾಷೆಯ ಹಿಟ್ಟಿನಿಂದ ತೌಡು ಬೇರ್ಪಡಿಸುವುದು ಅವರ ಕೆಲಸ. ಹೀಗೆ ಒಂದು ಕಾಲದ ರೂಪವನ್ನು ಕಟ್ಟಿಹಾಕಿದ್ದರಿಂದಲೇ, 700 ವರ್ಷ ಹಳೆಯ ದಾಂತೆಯನ್ನು ಇಂದಿನ ಶಾಲಾಮಕ್ಕಳು ಟಿಪ್ಪಣಿಯ ನೆರವಿನಿಂದ ಓದಬಲ್ಲರು.

ಹಾಗಾದರೆ ಜನರು ಇಟಾಲಿಯನ್ ಮಾತಾಡತೊಡಗಿದ್ದು ಯಾವಾಗ?

ತೀರ ಇತ್ತೀಚೆಗೆ. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಬಲ್ಲವರು ಜನಸಂಖ್ಯೆಯ ಶೇ. 2.5 ಎಂದು ಭಾಷಾತಜ್ಞ ತುಲ್ಲಿಯೊ ದೆ ಮೌರೊ ಲೆಕ್ಕ ಹಾಕಿದ; ಟಸ್ಕನಿ, ರೋಮ್ ಜನರನ್ನು ಸೇರಿಸಿಕೊಂಡರೆ ಶೇ. 10ರ ಹತ್ತಿರ ಎಂದು ಅರ್ರಿಗೊ ಕಸ್ತೆಲ್ಲಾನಿ ಹೇಳಿದ. ದೊಡ್ಡ ಸಂಖ್ಯೆಯನ್ನೇ ಒಪ್ಪಿದರೂ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಪರಭಾಷೆ. ದೇಶ ಕಟ್ಟಿದ ಕಾವೂರನಿಗೇ ಫ್ರೆಂಚ್ ಹೆಚ್ಚು ಸಲೀಸಾಗಿತ್ತು. ಮಿಲಾನಿನ ಮಂಜೋನಿ ತನ್ನ ಕಾದಂಬರಿಯನ್ನು 1827ರಲ್ಲಿ ಪ್ರಕಟಿಸಿ, ಆಮೇಲೆ ಫ್ಲಾರೆನ್ಸಿನ ವಿದ್ಯಾವಂತರ ಆಡುಮಾತಿಗೆ ಒಗ್ಗಿಸಿ 1840–42ರಲ್ಲಿ ಮತ್ತೆ ಅಚ್ಚು ಹಾಕಿಸಿದ. ಅದನ್ನೇ ‘ಅರ್ನೊ ನದಿಯಲ್ಲಿ ಬಟ್ಟೆ ಜಾಲಿಸುವುದು’ ಎಂದ. (ಅರ್ನೊ ಫ್ಲಾರೆನ್ಸಿನ ನದಿ.) ಶಾಲೆ, ಸೈನ್ಯ, ವಲಸೆ ಮಾಡಿದ ಕೆಲಸವನ್ನು 1954ರ ಜನವರಿ 3ರಂದು ಶುರುವಾದ ಟಿವಿ ಮುಂದುವರಿಸಿತು.

ನಾಪೊಲಿ, ಸಿಸಿಲಿಯ ಮಾತುಗಳು ಕೆಟ್ಟ ಇಟಾಲಿಯನ್ ತಾನೇ?

ಖಂಡಿತ ಅಲ್ಲ. ಅವು ಇಟಾಲಿಯನ್ನಿನ ಮಕ್ಕಳಲ್ಲ, ಒಡಹುಟ್ಟಿದವು. ನೇರವಾಗಿ ಲ್ಯಾಟಿನ್ನಿಂದಲೇ ಬಂದವು. ಸಿಸಿಲಿಯಲ್ಲಿ ಹಿಮ ‘ನಿವಿ’, ನಕ್ಷತ್ರ ‘ಸ್ತಿಡ್ಡ’. ವೆನಿಸಿನಲ್ಲಿ ಒತ್ತಕ್ಷರಗಳೇ ಇಳಿದುಹೋಗಿ ಬೆಕ್ಕು ‘ಗತ್ತೊ’ ಬದಲು ‘ಗತೊ’. ಲಾ ಸ್ಪೆತ್ಸಿಯದಿಂದ ರಿಮಿನಿವರೆಗೆ ಒಂದು ಗೆರೆ ಎಳೆದರೆ, ಅದರ ಉತ್ತರದ ನುಡಿಗಳು ಹಲವು ವಿಷಯದಲ್ಲಿ ಫ್ರೆಂಚಿನ ಕಡೆಗೆ ವಾಲುತ್ತವೆ. ಸಾರ್ಡೀನಿಯದ ನಡುನಾಡಿನಲ್ಲಿ ನೂರಕ್ಕೆ ಈಗಲೂ ‘ಕೆಂತು’. ಕಕಾರ ಚಕಾರವಾಗಲೇ ಇಲ್ಲ. ಕೋತಿ ಮನುಷ್ಯನನ್ನು ಅನುಕರಿಸುವಂತೆ ಸಾರ್ಡೀನಿಯದವರು ಲ್ಯಾಟಿನ್ನನ್ನು ಅನುಕರಿಸುತ್ತಾರೆ ಎಂದು ದಾಂತೆ ಹೀಯಾಳಿಸಿದ್ದ. ಅವರು ಅನುಕರಿಸುತ್ತಿರಲಿಲ್ಲ, ಉಳಿಸಿಕೊಂಡಿದ್ದರು. 1999ರ 482ನೇ ಕಾನೂನು 12 ಅಲ್ಪಸಂಖ್ಯಾತ ಭಾಷೆಗಳಿಗೆ ರಕ್ಷಣೆ ಕೊಟ್ಟಿದೆ. ಸಾರ್ಡೀನಿಯನ್ ಅದರಲ್ಲಿದೆ, ನಾಪೊಲಿಯದೂ ಸಿಸಿಲಿಯದೂ ಇಲ್ಲ.

ಇಟಾಲಿಯನ್ ಬಂದರೆ ಲ್ಯಾಟಿನ್ ಓದಬಹುದೇ?

ಪದಗಳು ಪರಿಚಿತ ಎನಿಸುತ್ತವೆ, ವಾಕ್ಯ ಕೈಗೆ ಸಿಗುವುದಿಲ್ಲ. ವಿಭಕ್ತಿಗಳನ್ನು ಕಲಿಯದೆ ದಾರಿಯಿಲ್ಲ. ಇಲ್ಲಿ ಕನ್ನಡಿಗರು ಇಟಾಲಿಯನ್ನರಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ಪರಿಚಿತ ಪದಗಳನ್ನೇ ಹೆಚ್ಚು ಅನುಮಾನಿಸಿ. ‘ಸಲೀರೆ’ ಲ್ಯಾಟಿನ್ನಿನಲ್ಲಿ ನೆಗೆಯುವುದು, ಇಟಾಲಿಯನ್ನಿನಲ್ಲಿ ಹತ್ತುವುದು. ಇನ್ನು ‘ಬೆಲ್ಲುಮ್’ ಕಂಡ ಕೂಡಲೇ ಇಟಾಲಿಯನ್ ಕಲಿತವರು ‘ಬೆಲ್ಲೊ’ ನೆನೆದು ‘ಚೆಂದ’ ಎಂದು ಓದಿಬಿಡುತ್ತಾರೆ. ಸೀಸರನ ಪುಟದಲ್ಲಿ ಅದು ಯುದ್ಧ.